ಓದುಗರ ಪ್ರಶ್ನೆಗೆ ಉತ್ತರ: ಮರದ ಮ್ಯಾಲೆ ಒಂದು ಮಷಿನ್, ನೆಲದ ಮ್ಯಾಲೆ ಇನ್ನೊಂದು

ಮುಂಗಾರಿಗಿಂತ ಮೊದಲಿನ ಗಾಳಿ ಮಳಿಗೆ ಟೊಂಗಿ ಮುರದು ಬೀಳೋ ಕಾಲ ಬಂತಲ್ರಿ, ಅದಕ್ಕ ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದ ಬಂದ ಪತ್ರದಾಗ ಮರ ಸವರೋ ಮಷಿನ್ ಬಗ್ಗೆನ ಜಾಸ್ತಿ ಅದಾವ. ಒಂದೇ ಥರದ್ದು ಬಿಟ್ಟು ಉಳಿದವಕ್ಕ ಉತ್ತರ ಕೊಟ್ಟೀನಿ.

ಪ್ರಶ್ನೆ (ಗಂಗಾವತಿ): ನಾವು ಮೂರು ಮಂದಿ ಸೇರಿ ರೈಸ್‌ಮಿಲ್ ಕಾಂಪೌಂಡು, ಸಾಲಿ, ಲೇಔಟ್‌ನಾಗಿನ ಮರ ಸವರೋ ಕೆಲಸ ಹಿಡೀತೀವ್ರಿ. ಆನ್‌ಲೈನ್‌ನಾಗ ತರಿಸಿದ 58 ಸಿಸಿ ಚೈನ್‌ಸಾ ಐತಿ, ಚೈನ್ ಓಡೋ ಪಟ್ಟಿ ಅಂದ್ರ ಬಾರ್ 22 ಇಂಚ್. ಈಗ ಕೈಯಾಗ ಸ್ವಲ್ಪ ರೊಕ್ಕ ಆಗೇತಿ, 70 ಸಿಸಿದು ಕಂಪನಿ ಮಷಿನ್ ತಗೋಬೇಕಂತ ಮಾಡೀವಿ. ಯಾವುದು ಚಲೋ?

ಉತ್ತರ: 70 ಸಿಸಿ ಬ್ಯಾಡ್ರಿ. ದಿನಾ ದಪ್ಪ ಮರ ಉರುಳಿಸೋರಿಗೆ ಅದು ಬೇಕು, ನಿಮ್ದು ಸವರೋ ಕೆಲಸ, ತೊಡಿಗಿಂತ ಸಣ್ಣ ಟೊಂಗಿನ ಜಾಸ್ತಿ. ಈಗ ಇರೋ 58 ಸಿಸಿನ ಪೆಟ್ರೋಲ್ ತುಂಬಿ ಬಾರ್ ಹಾಕಿದ್ರ ಏಳು ಕಿಲೋ ಹತ್ರ ತೂಗತೈತಿ, ಅದನ್ನ ಬೇವಿನ ಮರದ ಕವಲಿನಾಗ ಒಂದು ಕಾಲು ಊರಿ ನಿಂತು ಹೆಗಲ ಮಟ್ಟಕ್ಕ ಎತ್ತಿ ಹಿಡದ್ರ ಹತ್ತು ನಿಮಿಷಕ್ಕ ಕೈ ನಡುಗಾಕ ಸುರು ಆಗತೈತಿ, ಅದೂ ಅಲ್ದ ಅಷ್ಟು ಉದ್ದ ಬಾರಿನ ತುದಿ ಎಲಿ ಸಂದ್ಯಾಗ ಹೋಗಿ ಯಾವ ಟೊಂಗಿಗೆ ತಾಗತೈತಿ ಅಂತ ಕೊಯ್ಯೋನಿಗೆ ಕಾಣೂದೇ ಇಲ್ಲ. ಬಾರಿನ ಮೂಗಿನ ಮ್ಯಾಲಿನ ಅರ್ಧ ಭಾಗಕ್ಕ ಏನರ ತಾಗಿತು ಅಂದ್ರ ಮಷಿನ್ ಮಾರಿ ಕಡೆ ಎಗರತೈತಿ. ಇದಕ್ಕ ಕಿಕ್‌ಬ್ಯಾಕ್ ಅಂತಾರ. ಮುಂದಿನ ಕೈಗಾರ್ಡ್‌ನಾಗ ಚೈನ್ ಬ್ರೇಕ್ ಇಟ್ಟಿರೋದು ಇದಕ್ಕಾಗೇನ, ದಿನಾ ಕೆಲಸಕ್ಕ ಮೊದಲು ಅದು ಹಿಡೀತೈತೋ ಇಲ್ಲೋ ನೋಡ್ರಿ, ಹಿಡೀದಿದ್ರ ಆ ಮಷಿನ್ ಅವತ್ತು ಮುಟ್ಟಬ್ಯಾಡ್ರಿ.

ನೀವು ತಗೋಬೇಕಾದ್ದು ಟಾಪ್ ಹ್ಯಾಂಡಲ್ ಅಂತ ಬರ್ತೈತಲ್ರಿ, ಹಿಡಿಕಿ ಇಂಜಿನ್ ಮ್ಯಾಲೆನ ಇರೋದು, ಅದು. 30-35 ಸಿಸಿ, 12 ಇಲ್ಲಾ 14 ಇಂಚ್ ಬಾರ್ ಸಾಕು. ಸ್ಟಿಲ್, ಹಸ್ಕ್‌ವರ್ನಾ ಎರಡೂ ಕಂಪನಿ ಇಂಥದ್ದು ಮಾಡ್ತಾವ. ಯಾವ ಕಂಪನಿ ಅನ್ನೋದಕ್ಕಿಂತ ಯಾವುದರ ಚೈನ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ನಿಮಗ ಹತ್ರ ಅಂಗಡ್ಯಾಗ ಸಿಗತೈತಿ ಅಂತ ವಿಚಾರಿಸಿ ತಗೋರಿ, ಒಂದು ಸಣ್ಣ ಸ್ಪೇರ್ ಇಲ್ದ ವಾರಗಟ್ಟಲೆ ಮೂಲ್ಯಾಗ ಕುಂತ್ರ ಎಂಥಾ ಮಷಿನ್ ಇದ್ದೂ ಏನು ಉಪಯೋಗ. ಮಿಲ್ ಆಫೀಸ್, ದವಾಖಾನಿ ಹತ್ರ ಸಣ್ಣ ಕೆಲಸಕ್ಕ ಬ್ಯಾಟರಿದೂ ಚಲೋನ, ಸಪ್ಪಳ ಕಡಿಮಿ, ಆದ್ರ ನಮ್ಮ ಬ್ಯಾಸಿಗಿ ಬಿಸಲಾಗ ಬ್ಯಾಟರಿನ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲೆ ಇಟ್ಟು ಮರೀಬ್ಯಾಡ್ರಿ, ಕಾದ ಬ್ಯಾಟರಿ ಚಾರ್ಜ್ ತಗೊಳ್ಳೂದಿಲ್ಲ. ಟಾಪ್ ಹ್ಯಾಂಡಲ್‌ಗೆ ಒಂದು ದೊಡ್ಡ ಕೆಟ್ಟ ಚಟ ಐತಿ, ಹಗುರ ಇರೋದಕ್ಕ ಒಂದ ಕೈಯಾಗ ಹಿಡದು ಇನ್ನೊಂದು ಕೈಯಾಗ ಟೊಂಗಿ ಹಿಡೀಬೇಕು ಅನ್ನಸತೈತಿ. ಎರಡೂ ಕೈ ಮಷಿನ್ ಮ್ಯಾಲೆ ಇರ್ಬೇಕು, ಟೊಂಗಿ ಹಿಡಿಯಾಕ ಹಗ್ಗ ಐತಿ. ಇದನ್ನ ನೆಲದ ಮ್ಯಾಲೆ ಬಳಸಾಕೂ ಬ್ಯಾಡ್ರಿ, ಅದು ಹತ್ತೋನ ಮಷಿನ್. ಹಳೇ 58 ಸಿಸಿ ಕೆಳಗ ತುಂಡು ಮಾಡಾಕ ಇರ್ಲಿ, ಬೇಕಂದ್ರ ಅದಕ್ಕ 18 ಇಂಚ್ ಬಾರ್ ಹಾಕ್ಕೊಂಡ್ರ ಇನ್ನೂ ಹಗುರ ಓಡತೈತಿ.

ಉಳಿದ ರೊಕ್ಕದಾಗ ಮೈಗೆ ಕಟ್ಟಿಕೊಳ್ಳೋ ಹಾರ್ನೆಸ್, ಮರ ಹತ್ತೋ ಹಗ್ಗ, ನಡುವಿಗೆ ಕಟ್ಟಿಕೊಳ್ಳೋ ವೈರ್ ಒಳಗಿರೋ ಪಟ್ಟಿ, ಜಾಲರಿ ಇರೋ ಹೆಲ್ಮೆಟ್, ಇಯರ್ ಮಫ್ ತಗೋರಿ. ಮಷಿನ್ ಓಡೋವಾಗ ಎರಡು ಕಡೆ ಕಟ್ಟಿಕೊಂಡಿರಬೇಕು, ಯಾಕಂದ್ರ ಒಂದು ಹಗ್ಗಕ್ಕ ಚೈನ್ ತಾಗಿ ಕಡದ್ರೂ ಇನ್ನೊಂದು ಹಿಡೀತೈತಿ. ಕಾಲಿಗೆ ಚಾಪ್ಸ್ ಅಂತ ಬರ್ತಾವ, ಒಳಗ ಉದ್ದನ್ನ ನೂಲಿನ ಪದರ ಇರತೈತಿ, ಚೈನ್ ತಾಗಿದ್ರ ಆ ನೂಲು ಎಳಕೊಂಡು ಹೋಗಿ ಚೈನ್ ತಿರುಗಿಸೋ ಸ್ಪ್ರಾಕೆಟ್‌ನಾಗ ಸಿಕ್ಕಿ ಚೈನ್ ನಿಲ್ಲಿಸತೈತಿ. ಸೆಕಿ ಆಗತೈತಿ ಅಂತೀರಿ, ಗೊತ್ತೈತಿ, ಅದಕ್ಕ ಮುಂದಷ್ಟೇ ಮುಚ್ಚಿ ಹಿಂದ ಬೆಲ್ಟ್ ಹಾಕೋದು ತಗೋರಿ, ಕೆಲಸ ಬೆಳಿಗ್ಗೆ ಆರಕ್ಕ ಸುರು ಮಾಡಿ ಹನ್ನೊಂದಕ್ಕ ಮರ ಇಳದುಬಿಡ್ರಿ. ಲುಂಗಿ ಎತ್ತಿ ಕಟ್ಟಿ ಹವಾಯಿ ಚಪ್ಪಲ್‌ನಾಗ ಚೈನ್‌ಸಾ ಹಿಡದು ನಿಂತೋರನ್ನ ನೋಡಿದ್ರ ನನಗ ಎದಿ ಝಲ್ ಅಂತೈತ್ರಿ.

ಇನ್ನ ಮಿಲ್ಲಿನ ತಗಡಿನ ಮ್ಯಾಲೆ ಬಾಗಿರೋ ಟೊಂಗಿ. ಒಂದೇ ಸಲ ಬುಡಕ್ಕ ಕೊಯ್ದ್ರ ಅದು ಜೋತು ಬಿದ್ದು ಕಾಂಡದ ತೊಗಟಿ ಕೆಳಗಿನ ತನಕ ಸೀಳಿಕೊಂಡು ಹೋಗತೈತಿ. ಮೊದಲು ಬುಡದಿಂದ ಒಂದಡಿ ಹೊರಗ ಕೆಳಗಿನಿಂದ ಕಾಲು ಭಾಗ ಕೊಯ್ರಿ, ಆಮ್ಯಾಲೆ ಅದಕ್ಕಿಂತ ಸ್ವಲ್ಪ ಹೊರಗ ಮ್ಯಾಲಿನಿಂದ ಕೊಯ್ದು ಟೊಂಗಿ ಬೀಳಿಸ್ರಿ ಇಲ್ಲಾ ಹಗ್ಗದಾಗ ಇಳಿಸ್ರಿ, ಕೊನಿಗೆ ಉಳಿದ ಮೋಟು ತೆಗೀರಿ. ಟೊಂಗಿ ಕಾಂಡಕ್ಕ ಸೇರೋ ಜಾಗದಾಗ ಸುಕ್ಕು ಸುಕ್ಕಾದ ಉಬ್ಬು ಇರತೈತಿ ನೋಡ್ರಿ, ಅದನ್ನ ಬಿಟ್ಟು ಅದರ ಹೊರಗ ಕೊಯ್ದ್ರ ಗಾಯ ತಾನ ಮುಚ್ಚಿಕೊಳ್ತೈತಿ, ಉಬ್ಬನ್ನೂ ಸೇರಿಸಿ ಸಪಾಟ ಕೊಯ್ದ್ರ ಅಲ್ಲಿಂದ ಕೊಳಿಯಾಕ ಸುರು. ಟಾರು, ಪೇಂಟ್ ಏನೂ ಬಳಿಯೋದು ಬ್ಯಾಡ. ಮಾಲೀಕರು ಪೂರ್ತಿ ತಲಿ ಬೋಳಿಸ್ರಿ ಅಂದ್ರೂ ಒಂದು ಸಲಕ್ಕ ಹಸುರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೀಬ್ಯಾಡ್ರಿ.

ಪ್ರಶ್ನೆ (ಸಿಂಧನೂರು): ಕಾಲುವಿ ದಂಡಿ ಮ್ಯಾಲಿನ ಬಳ್ಳಾರಿ ಜಾಲಿ ತೆಗಿಯೋ ಗುತ್ತಿಗಿ ಸಿಕ್ಕೈತಿ. ಅರ್ಧ ತಾಸಿಗೆ ಚೈನ್ ಮೊಂಡ ಆಗತೈತಿ, ಹೊಸ ಚೈನ್ ಹಾಕಿದ್ರೂ ಅಷ್ಟ. ಚೈನ್ ಡೂಪ್ಲಿಕೇಟ್ ಇರ್ಬಹುದಾ?

ಉತ್ತರ: ಇರ್ಲೂಬಹುದು, ಆದ್ರ ನನಗ ಮಣ್ಣಿನ ಮ್ಯಾಲೆನ ಜಾಸ್ತಿ ಅನುಮಾನ. ಜಾಲಿ ಮೊದಲ ಗಟ್ಟಿ ಕಟಗಿ, ಮ್ಯಾಲೆ ಬುಡದಿಂದ ನಾಲ್ಕೈದು ಕಾಂಡ ಒಟ್ಟಿಗೆ ಎದ್ದಿರ್ತಾವ, ಆ ಸಂದ್ಯಾಗ, ತೊಗಟಿ ಬಿರುಕಿನಾಗ ಕಾಲುವಿ ಹೂಳು, ಮರಳು ತುಂಬಿರತೈತಿ. ಚೈನ್ ಹಲ್ಲು ಒಂದು ಸಲ ಮರಳಿಗೆ ತಾಗಿದ್ರ ಮುಗೀತು. ಕೊಯ್ಯೋ ಜಾಗ ಕೊಡ್ಲಿಲೆ ತೊಗಟಿ ಕೆರದು ಇಲ್ಲಾ ಗಟ್ಟಿ ಬ್ರಷ್‌ಲೆ ಸ್ವಚ್ಛ ಮಾಡಿ, ನೆಲದಿಂದ ಒಂದು ಗೇಣು ಮ್ಯಾಲೆ ಕೊಯ್ರಿ. ಚೈನ್ ತಗೊಳ್ಳೋವಾಗ ಸೆಮಿ ಚಿಸಲ್ ಅಂತ ಕೇಳ್ರಿ, ಹಲ್ಲಿನ ಮೂಲಿ ದುಂಡಗ ಇರೋದು. ಚೌಕ ಮೂಲಿದು, ಫುಲ್ ಚಿಸಲ್, ಸ್ವಚ್ಛ ಕಟಗ್ಯಾಗ ಜೋರ್ ಓಡತೈತಿ ಆದ್ರ ಧೂಳಿನಾಗ ಲಗೂನ ಸಾಯತೈತಿ.

ಹಲ್ಲು ಚೂಪ ಮಾಡೋ ಅರ ಯಾವುದು ಬಳಸ್ತೀರಿ ಅಂತ ನೀವು ಬರದಿಲ್ಲ. ಮ್ಯಾಲೆ ಹೇಳಿದ 58 ಸಿಸಿ ಥರದ ಮಷಿನ್‌ಗೆ ಹೆಚ್ಚಾಗಿ .325 ಇಂಚ್ ಪಿಚ್ (ಚೈನ್ ಕೊಂಡಿಗಳ ನಡುವಿನ ಅಂತರದ ಅಳತಿ) ಚೈನ್ ಬರ್ತೈತಿ, ಅದಕ್ಕ 4.8 ಎಂಎಂ ದುಂಡನ ಅರ, ಸಣ್ಣ ಮಷಿನ್‌ನ 3/8 ಇಂಚ್ ಲೋ ಪ್ರೊಫೈಲ್ ಚೈನ್‌ಗೆ 4 ಎಂಎಂ. ಬಾರಿನ ಮ್ಯಾಲೆ, ಚೈನ್ ಡಬ್ಬಿ ಮ್ಯಾಲೆ ಪಿಚ್ ಬರದಿರತೈತಿ, ನೋಡಿ ತಗೋರಿ. 30 ಡಿಗ್ರಿ ಓರೆ ಹಿಡದು ಒಳಗಿನಿಂದ ಹೊರಗ, ಒಂದೇ ಕಡೆ ತಳ್ಳಬೇಕು, ಹಿಂದ ಎಳೀಬಾರ್ದು, ಎಲ್ಲಾ ಹಲ್ಲಿಗೂ ಅಷ್ಟೇ ಸಲ. ಪೆಟ್ರೋಲ್ ತುಂಬೋ ಪ್ರತಿ ಸಲ ಎರಡು ಮೂರು ಸಲ ಅರ ಆಡಿಸಿದ್ರ ದೊಡ್ಡ ರಿಪೇರಿ ಬರೂದೇ ಇಲ್ಲ. ಹಲ್ಲಿನ ಮುಂದ ಗುಬಟ ಇರತೈತಲ್ರಿ, ಡೆಪ್ತ್ ಗೇಜ್, ಅದು ಹಲ್ಲಿಗಿಂತ 0.65 ಎಂಎಂ ಕೆಳಗ ಇರ್ಬೇಕು, ಹಲ್ಲು ಸವದಂಗ ಅದನ್ನೂ ಚಪ್ಪಟಿ ಅರದಾಗ ತೆಗೀಬೇಕು, ಭಾಳ ಮಂದಿ ಇದನ್ನ ಮುಟ್ಟೂದೇ ಇಲ್ಲ ಆಮ್ಯಾಲೆ ಚೈನ್ ಕಡಿಯೂದಿಲ್ಲ ಅಂತ ಬೈತಾರ. ಗುರುತು ಇಷ್ಟ: ಚೈನ್ ಚೂಪ ಇದ್ರ ಅವಲಕ್ಕಿಯಂಥ ಚಕ್ಕಿ ಬೀಳ್ತಾವ, ಮೊಂಡ ಆಗಿದ್ರ ಹಿಟ್ಟು ಬೀಳತೈತಿ. ಹಿಟ್ಟು ಕಂಡ ಕೂಡ್ಲೆ ನಿಲ್ಲಿಸ್ರಿ, ಒತ್ತಿ ಕೊಯ್ದ್ರ ಬಾರೂ ಹೋಗತೈತಿ ಇಂಜಿನ್ನೂ ಕಾಯತೈತಿ.

ಬಾರಿಗೆ ಬೈಕಿಂದ ತೆಗದ ಕರೇ ಎಣ್ಣಿ ಹಾಕೋ ರೂಢಿ ಬಿಡ್ರಿ, ಅದರಾಗಿನ ಲೋಹದ ಪುಡಿ ಆಯಿಲ್ ಪಂಪ್ ತಿಂತೈತಿ. ಇನ್ನೊಂದು ಮಾತು, ಜಾಲಿ ಕೊಯ್ದು ಬಿಟ್ರ ಬುಡ ಚಿಗುರತೈತಿ, ಮತ್ತ ಬರಬಾರ್ದು ಅಂತ ಗುತ್ತಿಗ್ಯಾಗ ಇದ್ರ ಚೈನ್‌ಸಾದ ಕೆಲಸ ಅಲ್ಲ ಅದು, ಜೆಸಿಬಿಲೆ ಬೇರು ಸಮೇತ ಕೀಳಿಸಬೇಕು. ಆ ರೇಟ್ ಬ್ಯಾರೆನ ಹಾಕ್ರಿ.

ಪ್ರಶ್ನೆ (ಮಾನ್ವಿ): ಮಷಿನ್ ಮುಂಜಾನಿ ಒಂದ ಎಳತಕ್ಕ ಸುರು ಆಗತೈತಿ, ಮಧ್ಯಾಹ್ನ ಚಾ ಕುಡದು ಬಂದ್ರ ಸುರು ಆಗೂದಿಲ್ಲ.

ಉತ್ತರ: ಬಿಸಿ ಇಂಜಿನ್‌ಗೆ ಚೋಕ್ ಹಾಕಿ ಎಳದೆಳದು ಪ್ಲಗ್ ತೋಯಿಸಿರ್ತೀರಿ. ಚೋಕ್ ತೆಗದು ಎಳೀರಿ, ಆಗಲಿಲ್ಲಂದ್ರ ಪ್ಲಗ್ ಬಿಚ್ಚಿ ಒರಸಿ, ಪ್ಲಗ್ ಇಲ್ದ ನಾಲ್ಕೈದು ಸಲ ಎಳದು ಆಮ್ಯಾಲೆ ಹಾಕ್ರಿ. ಮಷಿನ್ನೂ ಕ್ಯಾನೂ ನೆಳ್ಳಾಗ ಇಡ್ರಿ, ಏರ್ ಫಿಲ್ಟರ್ ದಿನಾ ಝಾಡಿಸ್ರಿ. ಮಿಕ್ಸ್ ಎಷ್ಟು ಅಂತ ಮ್ಯಾನುಯಲ್ ನೋಡ್ರಿ: 50:1 ಅಂದ್ರ ಲೀಟರಿಗೆ 20 ಎಂಎಲ್ ಟೂ ಸ್ಟ್ರೋಕ್ ಎಣ್ಣಿ, 25:1 ಅಂದ್ರ 40. ಈಗಿನ ಪೆಟ್ರೋಲ್‌ನಾಗ ಎಥನಾಲ್ ಇರತೈತಿ, ಅದು ನೀರು ಎಳಕೊಳ್ತೈತಿ, ಹಂಗಾಗಿ ತಿಂಗಳಗಟ್ಟಲೆ ಮಿಕ್ಸ್ ಮಾಡಿ ಇಡಬ್ಯಾಡ್ರಿ, ಕೆಲಸ ಇಲ್ದಾಗ ಟ್ಯಾಂಕ್ ಖಾಲಿ ಮಾಡಿ ತಾನ ನಿಲ್ಲೋ ತನಕ ಓಡಿಸಿ ಇಡ್ರಿ.

ಪ್ರಶ್ನೆ (ಕುಷ್ಟಗಿ): 45 ಎಚ್‌ಪಿ ಟ್ರ್ಯಾಕ್ಟರ್ ಐತಿ, ಹಿಂದ ಹಾಕೋ ಚಿಪ್ಪರ್, ಅಂದ್ರ ಟೊಂಗಿ ಚೂರು ಮಾಡೋ ಮಷಿನ್, ತಗೊಂಡ್ರ ಮರದ ಕೆಲಸಕ್ಕೂ ದಾಳಿಂಬಿ ತೋಟಕ್ಕೂ ಬರ್ತೈತೇನು?

ಉತ್ತರ: ಪಿಟಿಓ (ಟ್ರ್ಯಾಕ್ಟರ್ ಹಿಂದಿನ ತಿರುಗೋ ಶಾಫ್ಟ್) 540 ಆರ್‌ಪಿಎಂ ಮ್ಯಾಲೆ ಓಡೋ ಚಿಪ್ಪರ್ ನಿಮ್ಮ ಟ್ರ್ಯಾಕ್ಟರ್ ಎಳೀತೈತಿ, ನಾಲ್ಕೈದು ಇಂಚ್ ಟೊಂಗಿ ತನಕ. ಆದ್ರ ಲೆಕ್ಕ ಹಾಕ್ರಿ, ನಮ್ಮ ಕಡೆ ದಪ್ಪ ಕಟಗಿ ಉರುವಲಿಗೆ, ಇದ್ದಿಲಿಗೆ ಹೋಗತೈತಿ, ಚಿಪ್ಪರ್‌ಗೆ ಉಳಿಯೋದು ಸಣ್ಣ ಕಸ. ಬರೇ ತೋಟಕ್ಕ ಅಂದ್ರ ಬಾಡಿಗಿಗೆ ತರಿಸ್ರಿ, ಊರಾಗಿನ ಕೆಲಸ ದಿನಾ ಇದ್ರ ತಗೋರಿ, ಒಂದು ಟ್ರಾಲಿ ಕಸ ಸಣ್ಣ ಗುಂಪಿ ಆಗತೈತಿ, ಸಾಗಿಸೋ ಟ್ರಿಪ್ ಉಳೀತಾವ. ತಗೊಂಡ್ರ ಟೊಂಗಿ ಒಳಗ ಎಳಿಯೋ ರೋಲರ್ ಹಿಂದಕ್ಕ ತಿರುಗಿಸೋ ಅಡ್ಡಪಟ್ಟಿ ಇರೋದನ್ನ ತಗೋರಿ. ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು ಹತ್ರ ಹೋಗೋದು ಬ್ಯಾಡ, ಕೊನೀ ತುಂಡು ಇನ್ನೊಂದು ಟೊಂಗಿಲೆ ತಳ್ಳಬೇಕು, ಕೈಲೆ ಕಾಲಿಲೆ ಅಲ್ಲ. ದುಂಡಾಣು ಅಂಗಮಾರಿ ರೋಗ ಬಂದ ದಾಳಿಂಬಿ ಕಡ್ಡಿ ಪುಡಿ ಮಾಡಿ ವಾಪಸ್ ತೋಟಕ್ಕ ಹಾಕಬ್ಯಾಡ್ರಿ, ಸುಡಬೇಕು. ಕಾಯಿ ಇರೋ ಜಾಲಿ ಟೊಂಗಿನೂ ಹಾಕಬ್ಯಾಡ್ರಿ, ತೋಟದ ತುಂಬ ಜಾಲಿ ಎದ್ದೀತು.

ಪ್ರಶ್ನೆ (ಬಳ್ಳಾರಿ): ಮನೆ ಮುಂದಿನ ಬೇವಿನ ಟೊಂಗೆ ಕರೆಂಟ್ ವೈರ್ ಮೇಲೆ ಬಂದಿದೆ. ಉದ್ದ ಕೋಲಿನ ಪೋಲ್ ಸಾ ತಂದು ಕೆಳಗೆ ನಿಂತು ನಾನೇ ಕೊಯ್ಯಬಹುದಾ? ಇಲ್ಲಾ ಜೆಸಿಬಿ ಬಕೆಟ್‌ನಲ್ಲಿ ಆಳು ನಿಲ್ಲಿಸಿ ಕೊಯ್ಯಿಸೋದಾ?

ಉತ್ತರ: ಎರಡೂ ಬ್ಯಾಡ್ರಿ. ಪೋಲ್ ಸಾದ ಕೋಲು ಅಲ್ಯೂಮಿನಿಯಂ ಇರತೈತಿ, ಫೈಬರ್ ಇದ್ರೂ ಧೂಳು, ತೇವ ಕುಂತ ಮ್ಯಾಲೆ ನಂಬಾಕ ಬರೂದಿಲ್ಲ, ಹಸಿ ಟೊಂಗಿ ತಾನ ಕರೆಂಟ್ ಹರಸತೈತಿ. 11 ಕೆವಿ ಆದ್ರಂತೂ ತಾಗಬೇಕು ಅಂತಾನೂ ಇಲ್ಲ, ಹತ್ರ ಹೋದ್ರ ಸಾಕು. ಜೆಸಿಬಿ ಬಕೆಟ್ ಮಣ್ಣಿಗೆ ಮಾಡಿದ್ದು, ಮನುಷ್ಯಾರನ್ನ ಎತ್ತಾಕ ಅಲ್ಲ, ಡ್ರೈವರ್ ಕೈ ಒಂಚೂರು ಅಲುಗಿದ್ರ ನಿಂತೋನು ಕೆಳಗ. ಜೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡ್ರಿ, ಅವರು ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಮಾಡೋ ಒಪ್ಪಿಗಿ) ತಗೊಂಡು ಲೈನ್ ಬಂದ್ ಮಾಡಿ ಅರ್ತ್ ಮಾಡಿದ ಮ್ಯಾಲೆನ ಟೊಂಗಿ ಮುಟ್ಟಬೇಕು, ಬರೇ ಲೈಟ್ ಹೋಗೇತಿ ಅಂತ ಹತ್ತಬಾರ್ದು, ಯಾರದರ ಮನಿ ಜನರೇಟರ್ ತಪ್ಪಾಗಿ ಜೋಡಿಸಿದ್ರ ವೈರ್‌ನಾಗ ವಾಪಸ್ ಕರೆಂಟ್ ಬರ್ತೈತಿ. ಪೂರ್ತಿ ಮರ ತೆಗೀಬೇಕು ಅನ್ನೋ ವಿಚಾರ ಇದ್ರ ಅದು ಬ್ಯಾರೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಬೇವಿಗೆ ಅರಣ್ಯ ಇಲಾಖೆ ವೃಕ್ಷಾಧಿಕಾರಿ ಪರವಾನಗಿ ಬೇಕು. ನೀಲಗಿರಿ, ಸುಬಾಬುಲ್ ಥರದ ಕೆಲವಕ್ಕ ವಿನಾಯ್ತಿ ಐತಿ. ಅರ್ಜಿ ಜೊತಿಗೆ ಟೊಂಗಿ, ವೈರ್ ಎರಡೂ ಕಾಣೋ ಹಂಗ ಒಂದು ಫೋಟೋ ಹಚ್ಚಿ ಕೊಡ್ರಿ, ನೋಡಾಕ ಬರೋರಿಗೆ ಕೆಲಸ ಹಗುರ ಆಗತೈತಿ.