ಆನ್‌ಲೈನ್ ಅರ್ಜಿ ಹಾಕಿ ಐದು ತಿಂಗಳಾಯ್ತು, ಭತ್ಯೆ ಯಾಕೆ ಬಂದಿಲ್ಲ?

ಪ್ರಶ್ನೆ: ಅಪಘಾತದಲ್ಲಿ ನನ್ನ ತಮ್ಮನ ಬೆನ್ನುಹುರಿಗೆ ಪೆಟ್ಟಾಗಿದೆ. ಸರ್ಕಾರದ ಅಂಗವೈಕಲ್ಯ ಭತ್ಯೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಐದು ತಿಂಗಳಾಯಿತು. ಯಾವಾಗ ನೋಡಿದರೂ ‘ಪರಿಶೀಲನೆಯಲ್ಲಿದೆ’ ಅಂತಲೇ ತೋರಿಸುತ್ತದೆ. ಎಲ್ಲ ಕಂಪ್ಯೂಟರ್‌ನಲ್ಲೇ ಆಗುವಾಗ ಇಷ್ಟು ತಡ ಯಾಕೆ? ಹೊಸದಾಗಿ ಇನ್ನೊಂದು ಅರ್ಜಿ ಹಾಕಿಬಿಡೋಣವೇ?

ಉತ್ತರ: ದಯವಿಟ್ಟು ಹೊಸ ಅರ್ಜಿ ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಐದು ತಿಂಗಳು ಅದೊಂದೇ ಪದ ನೋಡುತ್ತಾ ಕೂರುವುದು ಎಷ್ಟು ಸಂಕಟ ಅಂತ ನನಗೆ ಗೊತ್ತು. ಸಂಪಾದನೆ ನಿಂತಿರುತ್ತದೆ, ಔಷಧಿಯ ಖರ್ಚು ನಿಂತಿರುವುದಿಲ್ಲ.

ನೀವು ಬಟನ್ ಒತ್ತಿದ ಕೂಡಲೇ ಅರ್ಜಿ ಕಚೇರಿ ಸೇರುತ್ತದೆ. ಕಂಪ್ಯೂಟರ್‌ನಿಂದ ಬೇಗ ಆಗುವುದು ಹೆಚ್ಚಾಗಿ ಇಷ್ಟೇ. ಆಸ್ಪತ್ರೆಯಿಂದ ದಾಖಲೆ ಬರಬೇಕು. ತಪಾಸಣೆಗೆ ವೈದ್ಯರ ಹತ್ತಿರ ದಿನ ಸಿಗಬೇಕು. ಆ ವರದಿಯನ್ನು ಒಬ್ಬರು ಕೂತು ಓದಿ ತೀರ್ಮಾನ ಮಾಡಬೇಕು. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಅರ್ಜಿ ಹೊಸ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಹೊರಗಿರುವ ನಿಮಗೆ ಕಾಣುವುದು ಮಾತ್ರ ಅದೇ ‘ಪರಿಶೀಲನೆಯಲ್ಲಿದೆ’.

ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರದ ಕತೆಯನ್ನೇ ನೋಡಿ. ಅಲ್ಲಿ 125 ದಿನ ದಾಟಿದ ಅರ್ಜಿಯನ್ನು ‘ಬಾಕಿ’ ಅಂತ ಲೆಕ್ಕ ಹಾಕುತ್ತಾರೆ. 2013ರ ಮಾರ್ಚ್‌ನಲ್ಲಿ ಅಂಥವು ಸುಮಾರು 6 ಲಕ್ಷದ 11 ಸಾವಿರ ಇದ್ದವು. ಅದಕ್ಕೆ ಹಿಂದಿನ ವರ್ಷ ವಿನ್‌ಸ್ಟನ್ ಸೇಲಂ ಎಂಬ ಊರಿನ ಕಚೇರಿಗೆ ತನಿಖೆಗೆ ಹೋದವರು, ಬೀರುಗಳ ತಲೆ ಮೇಲೆ ಸುಮಾರು 37 ಸಾವಿರ ಫೈಲು ಒಟ್ಟಿದ್ದನ್ನು ಕಂಡರು. ಆ ಭಾರವನ್ನು ಕಟ್ಟಡ ತಡೆಯುತ್ತದೋ ಇಲ್ಲವೋ ಅನ್ನುವ ಪರಿಸ್ಥಿತಿ. 2013ರಲ್ಲೇ ಎಲ್ಲ ಕಚೇರಿಗಳಿಗೂ ಕಾಗದವಿಲ್ಲದ ವ್ಯವಸ್ಥೆ ಬಂತು. 2015ರ ಹೊತ್ತಿಗೆ ಬಾಕಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಆದರೆ ಅದು ಬರೀ ಕಂಪ್ಯೂಟರ್‌ನ ಕೆಲಸ ಅಲ್ಲ. ನೌಕರರಿಂದ ಕಡ್ಡಾಯವಾಗಿ ಓವರ್‌ಟೈಮ್ ಮಾಡಿಸಿದ್ದರು. 2022ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂದು ಇನ್ನಷ್ಟು ಜನ ಅರ್ಹರಾದಾಗ, ಕಾಗದವೇ ಇಲ್ಲದ ಕಚೇರಿಗಳಲ್ಲೂ ಬಾಕಿ ಮತ್ತೆ ಏರಿತು.

ಹಾಗಂತ ತೀರ್ಮಾನವನ್ನೂ ಯಂತ್ರಕ್ಕೇ ಬಿಟ್ಟರೆ ಸರಿಹೋಗುತ್ತದೆಯೇ? ನನಗೆ ಹಾಗನಿಸುವುದಿಲ್ಲ. ಅದೇ ದೇಶದ ಅರ್ಕಾನ್ಸಾಸ್ ರಾಜ್ಯದಲ್ಲಿ, ಅಂಗವಿಕಲರಿಗೆ ಮನೆಯಲ್ಲಿ ಎಷ್ಟು ಗಂಟೆಯ ನೆರವು ಬೇಕು ಅಂತ ಮೊದಲು ನರ್ಸ್‌ಗಳು ನೋಡಿ ಹೇಳುತ್ತಿದ್ದರು. 2016ರಲ್ಲಿ ಆ ಕೆಲಸ ಸಾಫ್ಟ್‌ವೇರ್ ಪಾಲಾಯಿತು. ಎಷ್ಟೋ ಜನರ ಗಂಟೆಗಳು ಏಕಾಏಕಿ ಕಡಿಮೆಯಾದವು. ಕೋರ್ಟಿಗೆ ಹೋದ ಮೇಲೆ ಗೊತ್ತಾಗಿದ್ದು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದವರ ಲೆಕ್ಕವನ್ನೇ ಅದು ಸರಿಯಾಗಿ ಹಿಡಿದಿರಲಿಲ್ಲ ಅಂತ.

ಇನ್ನು ನಿಮ್ಮ ಕೈಯಲ್ಲಿರುವ ವಿಷಯ. ಇಂಥ ಅರ್ಜಿಗಳನ್ನು ತುಂಬಲು ನಾನು ಜನರ ಜೊತೆ ಕೂರುತ್ತೇನೆ. ಒಮ್ಮೆ ಒಬ್ಬರು ಫೋನಿನಲ್ಲಿ ತೆಗೆದ 140 ಫೋಟೋ ಹಾಕಿದ್ದರು. ಅರ್ಧಕ್ಕರ್ಧ ತಲೆಕೆಳಗು. ಕೆಲವದರಲ್ಲಿ ಹೆಬ್ಬೆರಳೇ ಜಾಸ್ತಿ. ಮುಖ್ಯವಾದ ಡಿಸ್ಚಾರ್ಜ್ ಸಮ್ಮರಿ 93ನೇ ಪುಟದಲ್ಲಿತ್ತು. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಬರೀ ಮೊದಲಕ್ಷರ. ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಅದಕ್ಕೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು.

ವೈದ್ಯರ ಪತ್ರವನ್ನೂ ಒಮ್ಮೆ ತೆಗೆದು ನೋಡಿ. ‘ಬೆನ್ನುಹುರಿಗೆ ಗಾಯ, ಕಾಲು ದುರ್ಬಲ’ ಅಂತ ಇದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹಿಡಿದುಕೊಳ್ಳದೆ ಕುರ್ಚಿಯಿಂದ ಏಳಲಾರರು, ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಲಾರರು, ಸ್ನಾನಕ್ಕೆ ಇನ್ನೊಬ್ಬರು ಬೇಕು... ನಿಮ್ಮ ತಮ್ಮನಿಗೆ ನಿಜವಾಗಿ ಏನು ಆಗುವುದಿಲ್ಲವೋ ಅದನ್ನು ಹೀಗೆ ಬಿಡಿಸಿ ಬರೆದುಕೊಡಲು ಕೇಳಿ. ತೀರ್ಮಾನ ಮಾಡುವವರು ನಿಮ್ಮ ತಮ್ಮನನ್ನು ನೋಡಿಯೇ ಇರುವುದಿಲ್ಲ ಅಲ್ವಾ? ಆ ಪತ್ರವೇ ಅವರ ಕಣ್ಣು.

ಕಚೇರಿಗೆ ಫೋನ್ ಮಾಡಿದಾಗ ಸುಮ್ನೆ ‘ಏನಾಯ್ತು?’ ಅಂತ ಕೇಳಬೇಡಿ. ‘ಈಗ ಯಾವ ದಾಖಲೆಗೆ ಕಾಯುತ್ತಿದ್ದೀರಿ? ಅದು ಯಾರಿಂದ ಬರಬೇಕು?’ ಅಂತ ಕೇಳಿ. ಉತ್ತರ, ತಾರೀಖು, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಅಂದರೆ, ಆ ದಾಖಲೆಯನ್ನು ನೀವೇ ತಂದುಕೊಡಲು ಆಗುತ್ತದೆಯೇ ನೋಡಿ. ವಾರಗಟ್ಟಲೆ ಸಮಯ ಉಳಿಯಬಹುದು.

ಹೊಸ ಅರ್ಜಿ ಬೇಡ ಅಂದಿದ್ದು ಯಾಕೆಂದರೆ, ಎಷ್ಟೋ ವ್ಯವಸ್ಥೆಗಳಲ್ಲಿ ಹಣದ ಲೆಕ್ಕಕ್ಕೆ ಅರ್ಜಿಯ ತಾರೀಖೇ ಮುಖ್ಯ. ಹಳೆಯದು ರದ್ದಾದರೆ ಐದು ತಿಂಗಳ ಬಾಕಿ ಹಣವೂ ಕೈತಪ್ಪಬಹುದು. ಎರಡೂ ಇದ್ದರೆ, ಒಬ್ಬರದೇ ಎರಡು ಅರ್ಜಿ ಅಂತ ಎರಡನ್ನೂ ತಡೆಹಿಡಿಯಬಹುದು. ಅರ್ಜಿ ಸಂಖ್ಯೆ ಮತ್ತು ತಾರೀಖು ಕಾಣುವ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಇವತ್ತೇ ತೆಗೆದು, ಪ್ರಿಂಟ್ ಹಾಕಿಸಿ ತಮ್ಮನ ಫೈಲಿನಲ್ಲಿಡಿ.