ನೆಟ್‌ವರ್ಕ್ ಹೋದರೂ ಚುಕ್ಕಿ ಓಡುತ್ತಿತ್ತಲ್ಲ!

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿ ಮನೆ. ಅಮ್ಮನ ಕಣ್ಣಿನ ತಪಾಸಣೆಗೆಂದು ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಕಳೆದ ಸಲ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವಾಗ ನೆಟ್‌ವರ್ಕ್ ಪೂರ್ತಿ ಹೋಯಿತು. ಫೋನಿನಲ್ಲಿ ಮ್ಯಾಪ್ ಮಾಯವಾಗಿ ಬರೀ ಬೂದು ಚೌಕಗಳು, ಅದರ ಮೇಲೆ ನೀಲಿ ಚುಕ್ಕಿ ಮಾತ್ರ ಓಡುತ್ತಿತ್ತು. ಘಾಟಿ ಇಳಿದ ಮೇಲೆ ತಪ್ಪು ಕವಲಿಗೆ ತಿರುಗಿ ಅರ್ಧ ಗಂಟೆ ಹಾಳಾಯಿತು. ಈಗ ಮಗ ತನ್ನ ಹಳೆಯ ಆಂಡ್ರಾಯ್ಡ್ ಫೋನ್ ಕೊಟ್ಟಿದ್ದಾನೆ. ಅದನ್ನು ದಾರಿ ನೋಡುವುದಕ್ಕೆಂದೇ ಓಮ್ನಿಯಲ್ಲಿ ಇಟ್ಟುಬಿಡಬಹುದೇ? ಅದಕ್ಕೊಂದು ಸಿಮ್ ಬೇಕೇ? ಉಪಗ್ರಹಕ್ಕೆ ದುಡ್ಡು ಕಟ್ಟಬೇಕೇ?
– ಹೊಸನಗರದ ಓದುಗರೊಬ್ಬರು

ಉತ್ತರ: ಸಿಮ್ ಬೇಡ, ದುಡ್ಡೂ ಬೇಡ. ನಿಮ್ಮ ಪತ್ರದಲ್ಲೇ ಉತ್ತರ ಇದೆ ನೋಡಿ. ಮ್ಯಾಪ್ ಮಾಯವಾದರೂ ಚುಕ್ಕಿ ಓಡುತ್ತಿತ್ತು ಅಂದಿರಿ. ಅಂದರೆ ಆ ಘಾಟಿಯಲ್ಲೂ ಉಪಗ್ರಹ ನಿಮ್ಮ ಕೈಬಿಟ್ಟಿರಲಿಲ್ಲ. ಕೈಕೊಟ್ಟದ್ದು ಚುಕ್ಕಿಯ ಕೆಳಗಿನ ಚಿತ್ರ. ಆ ಚಿತ್ರ ಟವರ್ ಮೂಲಕ ಬರುತ್ತದೆ, ಚುಕ್ಕಿ ಆಕಾಶದಿಂದ ಬರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ. ಚಿತ್ರವನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೊರಟರೆ ನಿಮ್ಮ ಮುಕ್ಕಾಲು ಸಮಸ್ಯೆ ಅಲ್ಲಿಗೇ ಮುಗಿಯಿತು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ತಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂದು ಹೇಳುತ್ತಲೇ ಇರುತ್ತವೆ. ರೇಡಿಯೊ ಇದ್ದ ಹಾಗೆ. ನಿಮ್ಮ ಫೋನ್ ಕೇಳಿಸಿಕೊಳ್ಳುತ್ತದೆ ಅಷ್ಟೆ, ಏನನ್ನೂ ಮೇಲಕ್ಕೆ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ, ಆ ದನಿ ಬರಲು ಹಿಡಿದ ಹೊತ್ತಿನಿಂದ ದೂರ ಅಳೆದು ಫೋನ್ ತನ್ನ ಜಾಗ ಲೆಕ್ಕ ಹಾಕುತ್ತದೆ. ಜಾಗಕ್ಕೆ ಮೂರು ಸಾಕಲ್ಲ, ನಾಲ್ಕನೆಯದು ಯಾಕೆ ಅಂತೀರಾ? ಫೋನಿನ ಅಗ್ಗದ ಗಡಿಯಾರವನ್ನು ತಿದ್ದುವುದಕ್ಕೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ವ್ಯತ್ಯಾಸ ಬಂದುಬಿಡುತ್ತದೆ.

ಮೊದಲು ಮಗ ಕೊಟ್ಟ ಫೋನನ್ನು ಪರೀಕ್ಷೆ ಮಾಡಿ. ಸಿಮ್ ತೆಗೆದು, ಮನೆಯ ವೈಫೈನಲ್ಲಿ ಜಿಪಿಎಸ್‌ಟೆಸ್ಟ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಆಮೇಲೆ ವೈಫೈ ಆರಿಸಿ ಅಂಗಳಕ್ಕೆ ಬನ್ನಿ. ಅಡಿಕೆ ಮರದ ಕೆಳಗೆ ಬೇಡ, ಆಕಾಶ ಅಗಲವಾಗಿ ಕಾಣುವ ಕಡೆ ನಿಲ್ಲಿ. ತೆರೆಯಲ್ಲಿ ಉಪಗ್ರಹಗಳ ಪಟ್ಟಿ ಮೂಡಿದರೆ ಫೋನ್ ಕೆಲಸಕ್ಕೆ ಬಂತು. ಮುಂದೆ ಟ್ಯಾಬ್ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು: ವೈಫೈ ಮಾತ್ರ ಇರುವ ಎಷ್ಟೋ ಟ್ಯಾಬ್‌ಗಳಲ್ಲಿ ಜಿಪಿಎಸ್ ಇರುವುದೇ ಇಲ್ಲ. ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಪಟ್ಟಿ ಮೂಡುವುದಕ್ಕೆ ತಡವಾದರೆ ಗಾಬರಿ ಬೇಡ. ಸಿಮ್ ಇದ್ದಾಗ ಉಪಗ್ರಹಗಳು ಎಲ್ಲೆಲ್ಲಿವೆ ಅನ್ನುವ ವಿವರ ನೆಟ್‌ನಿಂದ ಕ್ಷಣದಲ್ಲಿ ಸಿಗುತ್ತದೆ. ಸಿಮ್ ಇಲ್ಲದಾಗ ಅದನ್ನು ಉಪಗ್ರಹದ ಬಾಯಿಂದಲೇ ಕೇಳಬೇಕು. ಅದು ಮಾತಾಡುವ ವೇಗ ಸೆಕೆಂಡಿಗೆ ಬರೀ 50 ಬಿಟ್. ತನ್ನ ಸ್ವಂತ ಜಾಗದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ನಡುವೆ ಗಾಡಿ ಮರದಡಿ ಹೋಗಿ ದನಿ ಕಡಿದರೆ ಆ ತುಣುಕು ಮತ್ತೆ ಬರುವವರೆಗೆ ಕಾಯಬೇಕು. ಆದ್ದರಿಂದ ಹೊರಡುವ ದಿನ ಅಮ್ಮ ಸೀರೆ ಉಡುವಷ್ಟರಲ್ಲಿ ಫೋನನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟುಬಿಡಿ. ಚುಕ್ಕಿ ನಿಂತ ಮೇಲೆ ಗಾಡಿ ಚಾಲೂ ಮಾಡಿ.

ಇದನ್ನು ನಾನು ಕಲಿತದ್ದು 2006ರಲ್ಲಿ, ಬೆಂಗಳೂರಿನ ಒಂದು ಮ್ಯಾಪ್ ಕಂಪನಿಯಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದಾಗ. ಆಗ ನಮ್ಮ ಕೈಗೆ ಕೊಟ್ಟದ್ದು ಎಚ್‌ಪಿ ಐಪ್ಯಾಕ್, ಅಂಗೈಯಗಲದ ಕಂಪ್ಯೂಟರ್. ಅದರೊಳಗೆ ಜಿಪಿಎಸ್ ಇರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬ್ಲೂಟೂತ್ ರಿಸೀವರನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟು, ರಿಸೀವರಿನ ಮಾತು ಒಳಬರುವ ಬಾಗಿಲಾದ ಕಾಮ್ ಪೋರ್ಟ್ ಎಷ್ಟನೆಯದು, ಮಾತಿನ ವೇಗ ಸೆಕೆಂಡಿಗೆ 4800 ಬಿಟ್ ಇದೆಯೇ ಎಂದೆಲ್ಲ ಕಡ್ಡಿಯಿಂದ ಒತ್ತಿ ಹೊಂದಿಸಬೇಕಿತ್ತು. ಒಂದು ನಂಬರ್ ತಪ್ಪಿದರೆ ತೆರೆಯಲ್ಲಿ ಉಪಗ್ರಹ ಸೊನ್ನೆ. ಬ್ಯಾಟರಿ ಪೂರ್ತಿ ಇಳಿದರೆ ಕಂಪ್ಯೂಟರಿಗೆ ಹಾಕಿದ್ದೆಲ್ಲ ಅಳಿಸಿಹೋಗುತ್ತಿತ್ತು, ಅದಕ್ಕೇ ಮ್ಯಾಪನ್ನು ಮೆಮೊರಿ ಕಾರ್ಡಿನಲ್ಲಿ ಇಡುತ್ತಿದ್ದೆವು. ಬೆಳಗ್ಗೆ ರಿಸೀವರಿನ ದೀಪ ಮಿನುಗುವುದನ್ನೇ ನೋಡುತ್ತ ಜೀಪಿಗೆ ಒರಗಿ ಚಹಾ ಕುಡಿದ ನಿಮಿಷಗಳು ಈಗಲೂ ಕಣ್ಣಮುಂದಿವೆ. ಅಷ್ಟೆಲ್ಲ ಸಲಕರಣೆ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಮಗ ಬೇಡವೆಂದು ಬಿಟ್ಟ ಫೋನು ಒಂದೇ ಮಾಡುತ್ತದೆ. ಇಂಥ ಫೋನುಗಳು ಮೇಜಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಮ್ಯಾಪ್. ಗೂಗಲ್ ಮ್ಯಾಪ್ಸ್‌ನಲ್ಲೂ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಬಹುದು. ಕಾರಿನ ದಾರಿಯನ್ನು ನೆಟ್ ಇಲ್ಲದೆಯೂ ತೋರಿಸುತ್ತದೆ, ಟ್ರಾಫಿಕ್ ಮಾತ್ರ ಗೊತ್ತಾಗುವುದಿಲ್ಲ. ಆದರೆ ಆ ಮ್ಯಾಪಿಗೆ ಅವಧಿ ಇದೆ. ಗಾಡಿಯಲ್ಲೇ ಇದ್ದು ತಿಂಗಳುಗಟ್ಟಲೆ ವೈಫೈ ಕಾಣದ ಫೋನಿಗೆ ನಾನು ಆಸ್ಮ್‌ಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ ಅನ್ನುತ್ತೇನೆ. ಎರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಬರೆಯುವ ನಕಾಶೆಯನ್ನು ಬಳಸುತ್ತವೆ. ಆಸ್ಮ್‌ಆ್ಯಂಡ್‌ನಲ್ಲಿ ಕರ್ನಾಟಕ ಎಂದು ಆರಿಸಿದರೆ ಇಡೀ ರಾಜ್ಯ ಬಂದು ಕೂರುತ್ತದೆ. ಮ್ಯಾಪಿನ ಭಾಷೆ ಕನ್ನಡ ಎಂದು ಕೊಟ್ಟರೆ, ಯಾರಾದರೂ ಕನ್ನಡದಲ್ಲಿ ಬರೆದಿರುವ ಊರುಗಳ ಹೆಸರು ಕನ್ನಡದಲ್ಲೇ ಕಾಣುತ್ತದೆ. ಬರೆಯದಿದ್ದರೆ ನೀವೇ ಬರೆಯಬಹುದು. ನಮ್ಮೂರಿನ ಸುತ್ತಲಿನ ಹಳ್ಳ, ದೇವಸ್ಥಾನ, ಕೇರಿಗಳ ಹೆಸರನ್ನು ಬಿಡುವಾದಾಗಲೆಲ್ಲ ನಾನು ಸೇರಿಸುತ್ತ ಬಂದಿದ್ದೇನೆ.

ಮ್ಯಾಪ್ ಇಳಿಸಿದ ಮೇಲೆ ಸೆಟ್ಟಿಂಗ್‌ನಲ್ಲಿ ಒಂದನ್ನು ಮರೆಯದೆ ಮಾಡಿ: ಮಣ್ಣು ರಸ್ತೆ ಬೇಡ ಎಂದು ಗುರುತು ಹಾಕಿ. ಮಲೆನಾಡಿನಲ್ಲಿ ಹತ್ತಿರದ ದಾರಿ ಅಂದರೆ ಎಸ್ಟೇಟಿನ ಗೇಟಿಗೋ ಸೇತುವೆ ಇಲ್ಲದ ಹಳ್ಳಕ್ಕೋ ಹೋಗಿ ನಿಲ್ಲುವುದೇ ಹೆಚ್ಚು. ಮಳೆಗಾಲದಲ್ಲಿ ಘಾಟಿ ಮುಚ್ಚಿದ್ದರೂ ಆಫ್‌ಲೈನ್ ಮ್ಯಾಪಿಗೆ ಅದು ತಿಳಿಯದು. ಹಿಂದಿನ ರಾತ್ರಿ ಮಾಸ್ತಿಕಟ್ಟೆಯ ಪರಿಚಯದವರಿಗೆ ಒಂದು ಫೋನ್ ಮಾಡುವುದನ್ನು ಯಾವ ಆ್ಯಪ್ ಇದ್ದರೂ ಬಿಡಬೇಡಿ.

ಹೋಗಬೇಕಾದ ಜಾಗಗಳನ್ನು ಮನೆಯಲ್ಲೇ ಉಳಿಸಿಕೊಳ್ಳಿ. ಆಸ್ಪತ್ರೆಯ ಗೇಟು, ದಾರಿಯ ಪೆಟ್ರೋಲ್ ಬಂಕ್, ನಿಮ್ಮ ಸ್ವಂತ ಮನೆ. ನಂಟರು ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿದರೆ ಅದರ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಒಂದು ಚೀಟಿಯಲ್ಲೂ ಬರೆದಿಡಿ. ದಶಮಾಂಶ ಬಿಂದುವಿನ ನಂತರ ಐದು ಅಂಕಿ ಇದ್ದರೆ ಒಂದು ಮೀಟರಿನಷ್ಟು ನಿಖರ. ಆದರೆ ಡಿಗ್ರಿ-ಮಿನಿಟನ್ನು ದಶಮಾಂಶವೆಂದು ಓದಬೇಡಿ. ಒಮ್ಮೆ ನನ್ನ ಜೊತೆಗಾರ ಫೋನಿನಲ್ಲಿ 'ಹದಿಮೂರು, ನಲವತ್ತೈದು' ಅಂದ. ಅವನು ಹೇಳಿದ್ದು 13 ಡಿಗ್ರಿ 45 ಮಿನಿಟು. ಒಂದು ಡಿಗ್ರಿಗೆ 60 ಮಿನಿಟು, ಅಂದರೆ ಅದು 13.75. ನಾನು ಒತ್ತಿದ್ದು 13.45. ಸಂಜೆ ಜೀಪು ನಿಂತದ್ದು ಅವನಿದ್ದ ಜಾಗದಿಂದ 33 ಕಿ.ಮೀ. ದಕ್ಷಿಣಕ್ಕೆ, ಒಂದು ಕೆರೆಯ ಏರಿಯ ಮೇಲೆ. ಅಂದಿನಿಂದ ಯಾರು ಅಂಕಿ ಹೇಳಿದರೂ 'ಪಾಯಿಂಟಾ, ಮಿನಿಟಾ?' ಎಂದು ಕೇಳದೆ ಒತ್ತಿಲ್ಲ.

ಫೋನನ್ನು ಎಲ್ಲಿ ಕೂರಿಸುವುದು? ಮುಂದಿನ ಗಾಜಿನ ಕೆಳಭಾಗದಲ್ಲಿ, ನಿಮ್ಮ ಎಡಕ್ಕೆ, ರಸ್ತೆ ಮರೆಯಾಗದಂತೆ. ಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಹಾಕಿಸಿದ್ದರೆ ಸಿಗ್ನಲ್ ಸೊರಗುತ್ತದೆ. ತೆರೆ ಸದಾ ಬೆಳಗುತ್ತಿರುವುದರಿಂದ ಹಳೆಯ ಬ್ಯಾಟರಿ ಬೇಗ ಇಳಿಯುತ್ತದೆ. 2 ಆಂಪಿಯರ್ ಕೊಡುವ ಕಾರ್ ಚಾರ್ಜರ್ ಇರಲಿ. ಗಾಡಿಯಲ್ಲಿ ಸಾಕೆಟ್ ಇಲ್ಲದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಫ್ಯೂಸ್ ಸಮೇತ ಹಾಕಿಸಿ, ಕೀ ತೆಗೆದಾಗ ಕರೆಂಟ್ ನಿಲ್ಲುವ ಲೈನಿಗೇ ಕೊಡಿಸಿ. ನೀವು 'ಇಟ್ಟುಬಿಡಬಹುದೇ' ಅಂದಿರಿ. ಗಾಡಿ ನಿಲ್ಲಿಸಿದ ಮೇಲೆ ಮಾತ್ರ ಇಡಬೇಡಿ. ಬಿಸಿಲಿಗೆ ಮುಚ್ಚಿದ ಗಾಡಿಯೊಳಗೆ ಬ್ಯಾಟರಿ ಉಬ್ಬುತ್ತದೆ, ಹೋಲ್ಡರ್ ಬಿಟ್ಟು ಫೋನ್ ಒಳಗೆ ಒಯ್ಯಿರಿ. ಹಿಂಬದಿ ಮುಚ್ಚಳ ಸ್ವಲ್ಪ ಎದ್ದಂತೆ ಕಂಡರೂ ಆ ಫೋನನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ಪೊಲೀಸರು ಹಿಡಿಯುತ್ತಾರೆಯೇ ಎಂಬ ಅಂಜಿಕೆ ಹಲವರಿಗಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ, ಚಾಲಕನ ಗಮನ ಕೆಡದ ರೀತಿಯಲ್ಲಿ ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು ಎಂದಿದೆ. ಹೋಲ್ಡರಿನಲ್ಲಿ ಇರಲಿ, ಧ್ವನಿ ಜೋರಾಗಿರಲಿ, ಊರಿನ ಹೆಸರು ಒತ್ತುವುದೆಲ್ಲ ಹೊರಡುವ ಮೊದಲೇ ಮುಗಿದಿರಲಿ. ಘಾಟಿಯ ತಿರುವಿನಲ್ಲಿ ತೆರೆಯನ್ನು ಮುಟ್ಟುವ ಕೆಲಸ ಪಕ್ಕದಲ್ಲಿ ಕೂತವರದು.

ಪ್ರಶ್ನೆ: ಹೊಸೂರು ರಸ್ತೆಯಲ್ಲಿ ನಾನು ಮೇಲ್ಸೇತುವೆ ಹತ್ತಿದ್ದರೂ ಮ್ಯಾಪ್ ಕೆಳಗಿನ ರಸ್ತೆಯಲ್ಲೇ ಇದ್ದೇನೆಂದು 'ಎಡಕ್ಕೆ ತಿರುಗಿ' ಅನ್ನುತ್ತದೆ. ಫೋನ್ ಕೆಟ್ಟಿದೆಯೇ?
– ಬೆಂಗಳೂರಿನ ಕ್ಯಾಬ್ ಚಾಲಕರೊಬ್ಬರು

ಉತ್ತರ: ಕೆಟ್ಟಿಲ್ಲ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಅರ್ಧದಲ್ಲೇ ಇರುವುದರಿಂದ ಎತ್ತರದ ಲೆಕ್ಕ ಅಡ್ಡ ಅಳತೆಗಿಂತ ಹೆಚ್ಚು ತಪ್ಪುತ್ತದೆ. ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಮ್ಯಾಪಿನಲ್ಲಿ ಒಂದೇ ಗೆರೆಯ ಮೇಲಿರುತ್ತವೆ, ಆ್ಯಪ್ ಒಂದನ್ನು ಊಹಿಸುತ್ತದೆ. ಸೇತುವೆ ಹತ್ತುವ ಮೊದಲೇ ರಸ್ತೆಯ ಬೋರ್ಡ್ ನೋಡಿ ನಿರ್ಧಾರ ಮಾಡಿಕೊಳ್ಳಿ. ಮೇಲೆ ಹೋದ ಮೇಲೆ ಇಳಿಯುವ ತನಕ ಅದರ ಮಾತು ಕೇಳಬೇಡಿ.

ಪ್ರಶ್ನೆ: ಜಿಪಿಎಸ್ ಹಾಗೆ ದಾರಿ ತೋರುವ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ನನ್ನ ಫೋನಿನಲ್ಲಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?
– ಹಾಸನದ ವಿದ್ಯಾರ್ಥಿನಿ

ಉತ್ತರ: ಮೇಲೆ ಹೇಳಿದ ಜಿಪಿಎಸ್‌ಟೆಸ್ಟ್ ಹಾಕಿಕೊಂಡು ತಾರಸಿಗೆ ಹೋಗಮ್ಮ. ಪಟ್ಟಿಯಲ್ಲಿ ಪ್ರತಿ ಉಪಗ್ರಹದ ಪಕ್ಕ ಅದರ ದೇಶದ ಬಾವುಟ ಇರುತ್ತದೆ. ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ನಾವಿಕ್ ಎಲ್5 ಎಂಬ ಬೇರೆ ತರಂಗದಲ್ಲಿ ಮಾತಾಡುವುದರಿಂದ ಹಳೆಯ ಚಿಪ್‌ಗಳಿಗೆ ಕೇಳಿಸುವುದಿಲ್ಲ. 2023ರ ಮೇ 29ರಂದು ಹೋದ ಎನ್‌ವಿಎಸ್-01 ಎಂಬ ನಾವಿಕ್ ಉಪಗ್ರಹದಿಂದ ಫೋನುಗಳಿಗೆ ಸುಲಭವಾದ ಎಲ್1 ತರಂಗವೂ ಸೇರಿತು. ನಾವಿಕ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನಮ್ಮ ಭಾಗದ ಆಕಾಶದಲ್ಲಿ ಚೆನ್ನಾಗಿ ಮೇಲೇ ಇರುತ್ತವೆ. ಎರಡು ಕಡೆ ಬೆಟ್ಟವಿರುವ ಘಾಟಿಯಲ್ಲಿ ಅದೇ ದೊಡ್ಡ ಅನುಕೂಲ. ಅವುಗಳ ಮೇಲೆ ಕಣ್ಣಿಡುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಿಮ್ಮ ಹಾಸನದಲ್ಲೇ ಇದೆ. ಮೊದಲ ಸಲ ನನ್ನ ಫೋನಿನ ಪಟ್ಟಿಯಲ್ಲಿ ನಮ್ಮ ಬಾವುಟ ಕಂಡ ಸಂಜೆ ನಾನು ಬಟ್ಟೆ ಒಳಗೆ ತರುವುದನ್ನೂ ಮರೆತು ತಾರಸಿಯಲ್ಲೇ ನಿಂತಿದ್ದೆ. ನಿನಗೆ ಎಷ್ಟು ಬಾವುಟ ಕಂಡವು ಎಂದು ಬರೆದು ಕಳಿಸು.