ಓದುಗರ ಪ್ರಶ್ನೆ: ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಲಸಿಕೆ

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮ್ ಸಿಬ್ಬಂದಿಗೆ ಉಚಿತವಾಗಿ ಕೊಡಲು ಫ್ಲೂ ಲಸಿಕೆ ತರಿಸಿದ್ದೆವು. ಅರ್ಧಕ್ಕರ್ಧ ಹಾಗೇ ಉಳಿಯಿತು. ಈ ಬಾರಿ ಏನು ಮಾಡುವುದು?
– ನರ್ಸಿಂಗ್ ಸೂಪರಿಂಟೆಂಡೆಂಟ್, ಹಾಸನ

ಉತ್ತರ: ಯಾವ ಹೊತ್ತಿನಲ್ಲಿ, ಎಲ್ಲಿ ಕೊಟ್ಟಿರಿ ಎಂಬುದನ್ನು ಮೊದಲು ನೋಡಿ. ‘ಬೆಳಿಗ್ಗೆ 10ರಿಂದ 4, ಒಪಿಡಿ ಪಕ್ಕದ ಕೋಣೆ’ ಎಂದು ಸುತ್ತೋಲೆ ಹೊರಟರೆ ರಾತ್ರಿ ಪಾಳಿಯವರು ಆಗ ಮನೆಯಲ್ಲಿ ಮಲಗಿರುತ್ತಾರೆ. ಐಸಿಯು ನರ್ಸ್ ರೋಗಿಯನ್ನು ಬಿಟ್ಟು ಇಳಿದು ಬರುವಂತಿಲ್ಲ. ಇದನ್ನು ಹಟ ಎನ್ನಬೇಡಿ. ಲಸಿಕೆಯೇ ವಾರ್ಡಿಗೆ ಹೋಗಲಿ. ಪಾಳಿ ಬದಲಾಗುವ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ರ ಆಸುಪಾಸಿನಲ್ಲಿ ಟ್ರಾಲಿ ನಿಂತಿದ್ದರೆ ಬರುವವರೂ ಹೋಗುವವರೂ ಸಿಗುತ್ತಾರೆ. ರೋಸ್ಟರ್ ಒಂದು ಸುತ್ತು ಮುಗಿಯುವ ತನಕ, ಅಂದರೆ ಎರಡು ವಾರವಾದರೂ ನಡೆಸಿ.

ಲಸಿಕೆಯನ್ನು ಕ್ಯಾರಿಯರ್‌ನಲ್ಲಿ (ತಂಪು ಡಬ್ಬಿಯಲ್ಲಿ) ಒಯ್ಯುವಾಗ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಇಡಬಾರದು. ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬರಬೇಕು, ಆಮೇಲೆ ಇಡಿ. ಈ ಲಸಿಕೆಗೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಿದರೆ ಕೆಟ್ಟಂತೆ. ಮಕ್ಕಳ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿತ್ತೇ ಎಂದು ತಿಳಿಯಲು ಬಾಟಲಿ ಅಲುಗಿಸಿ ಗಸಿ ಇಳಿಯುವುದನ್ನು ನೋಡುವ ಶೇಕ್ ಟೆಸ್ಟ್ ಇಲ್ಲಿ ನಡೆಯದು, ಆ ಪರೀಕ್ಷೆಗೆ ಬೇಕಾದ ಅಲ್ಯೂಮಿನಿಯಂ ಲವಣ ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಇರುವುದಿಲ್ಲ. ಅನುಮಾನ ಬಂದರೂ ಬಳಸಬೇಡಿ.

ಇನ್ನು ಪಟ್ಟಿ. ಸಂಬಳದ ಪುಸ್ತಕದಿಂದ ಹೆಸರು ತೆಗೆದರೆ ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಸೆಕ್ಯೂರಿಟಿ, ಆಂಬುಲೆನ್ಸ್ ಚಾಲಕರು, ನರ್ಸಿಂಗ್ ವಿದ್ಯಾರ್ಥಿಗಳು ಬಿಟ್ಟುಹೋಗುತ್ತಾರೆ. ಐಸಿಯು ನೆಲ ಒರೆಸುವವರು ರೋಗಿಯ ಮಂಚದಿಂದ ಒಂದು ಮಾರು ದೂರದಲ್ಲೇ ಇರುತ್ತಾರಲ್ಲ! ಅವರನ್ನು ಬಿಟ್ಟು ಹಾಕಿದ ಶೇಕಡಾ ಲೆಕ್ಕಕ್ಕೆ ಬೆಲೆಯಿಲ್ಲ. ಬೇಡ ಎಂದವರಿಂದ ಕಾರಣ ಬರೆಸಿಕೊಳ್ಳಿ, ಮುಂದಿನ ವರ್ಷ ಅದೇ ದಾರಿ ತೋರುತ್ತದೆ.

ಕಡ್ಡಾಯ ಮಾಡಿದರೆ ಪ್ರಮಾಣ ಏರುವುದು ನಿಜ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲಿ ಹಾಗೆ ಮಾಡಿ ಶೇ 97 ದಾಟಿತು, ಆದರೆ ದಾದಿಯರ ಸಂಘದ ವಿರೋಧವನ್ನೂ ಎದುರಿಸಿತು. ಟ್ರಾಲಿಯನ್ನೇ ಓಡಿಸದೆ ಆ ಹಾದಿ ಹಿಡಿಯುವುದು ನ್ಯಾಯವಲ್ಲ.

ಪ್ರಶ್ನೆ: ನವೆಂಬರಿನಲ್ಲಿ ಹಾಕಿಸಿಕೊಂಡಿದ್ದೆ. ಜುಲೈನಲ್ಲಿ ಫ್ಲೂ ಬಂದೇಬಿಟ್ಟಿತು. ಮತ್ತೆ ಯಾಕೆ ಹಾಕಿಸಿಕೊಳ್ಳಬೇಕು?
– ಲ್ಯಾಬ್ ಟೆಕ್ನೀಷಿಯನ್, ಶಿವಮೊಗ್ಗ

ಉತ್ತರ: ನೀವು ಹಾಕಿಸಿಕೊಂಡ ತಿಂಗಳು ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ. ಭಾರತದಲ್ಲಿ ಫ್ಲೂ ಜನವರಿ–ಮಾರ್ಚ್‌ನಲ್ಲೊಮ್ಮೆ, ಮಳೆಯ ತಿಂಗಳುಗಳಲ್ಲೊಮ್ಮೆ ಏರುತ್ತದೆ. ಲಸಿಕೆಯ ಬಲ ತಿಂಗಳು ಕಳೆದಂತೆ ಇಳಿಯುವುದರಿಂದ ಜುಲೈಗೆ ನಿಮ್ಮಲ್ಲಿ ಉಳಿದದ್ದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಉತ್ತರಾರ್ಧ ಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧ ಗೋಳಕ್ಕೆ ಸೆಪ್ಟೆಂಬರಿನಲ್ಲಿ ವೈರಸ್ ತಳಿಗಳನ್ನು ಆರಿಸುತ್ತದೆ. ಏಪ್ರಿಲ್–ಮೇ ಹೊತ್ತಿಗೆ ಹೊಸದಾಗಿ ಸಿಗುವುದು ಸೆಪ್ಟೆಂಬರಿನಲ್ಲಿ ಆರಿಸಿದ ತಳಿಗಳ ಲಸಿಕೆ, ಆದ್ದರಿಂದ ಆಗ ಕೊಳ್ಳುವಾಗ ‘ಸದರ್ನ್ ಹೆಮಿಸ್ಫಿಯರ್’ (ದಕ್ಷಿಣಾರ್ಧ ಗೋಳ) ಎಂಬ ಬರಹ, ಆ ವರ್ಷದ ಅಂಕಿ ನೋಡಿ. ಹಳೆಯ ‘ನಾರ್ದರ್ನ್’ ದಾಸ್ತಾನು ಅಗ್ಗಕ್ಕೆ ಸಿಕ್ಕರೂ ಬೇಡ. ರಕ್ಷಣೆ ಮೂಡಲು ಎರಡು ವಾರ ಬೇಕು, ಆದ್ದರಿಂದ ಮುಂಗಾರಿಗೆ ಮುಂಚೆಯೇ ಮುಗಿಸಿ. ತಳಿ ಚೆನ್ನಾಗಿ ಹೊಂದಿದ ವರ್ಷದಲ್ಲೂ ಕಾಯಿಲೆಯ ಸಾಧ್ಯತೆ ತಗ್ಗುವುದು ಶೇ 40–60ರಷ್ಟು. ಆದರೆ ಫ್ಲೂ ರೋಗಿ ಲಕ್ಷಣ ಕಾಣುವ ಹಿಂದಿನ ದಿನವೇ ವೈರಸ್ ಹರಡತೊಡಗುತ್ತಾನೆ, ಹಾಗಾಗಿ ‘ಜ್ವರ ಬಂದರೆ ರಜೆ ಹಾಕುತ್ತೇನೆ’ ಎಂಬುದು ವಾರ್ಡಿನ ರೋಗಿಯನ್ನು ಕಾಯದು.

ಪ್ರಶ್ನೆ: ಲಸಿಕೆ ಹಾಕಿದ ದಿನ ಜ್ವರ ಬಂತು. ಭುಜದ ನೋವು ತಿಂಗಳಾದರೂ ಹೋಗಿಲ್ಲ.
– ಆಶಾ ಕಾರ್ಯಕರ್ತೆ, ಸಿಂದಗಿ

ಉತ್ತರ: ಎರಡೂ ಬೇರೆ ಬೇರೆ. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಸ್, ಅದರಿಂದ ಫ್ಲೂ ಬರದು. ಒಂದೆರಡು ದಿನದ ಜ್ವರ ದೇಹದ ಪ್ರತಿಕ್ರಿಯೆ. ಭುಜದ ನೋವು ಮಾತ್ರ ಸೂಜಿ ತೀರ ಮೇಲೆ, ಕೀಲಿನ ಹತ್ತಿರ ಇಳಿದದ್ದರಿಂದ ಆಗಿರಬಹುದು. ಮೂಳೆ ವೈದ್ಯರಿಗೆ ತೋರಿಸಿ, ತಡ ಮಾಡಬೇಡಿ. ಹಾಕುವವರು ತೋಳನ್ನು ಭುಜದವರೆಗೆ ಪೂರ್ತಿ ತೆರೆಸಿ, ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ, ಸ್ನಾಯುವಿನ ನಡುವೆ ನೆಟ್ಟಗೆ ಚುಚ್ಚಬೇಕು. ಪ್ರಮಾಣ 0.5 ಮಿಲಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ ನರ್ಸ್ ಹಾಕಿಸಿಕೊಳ್ಳಬಹುದೇ?
– ಓದುಗರು, ಧಾರವಾಡ

ಉತ್ತರ: ಅಗತ್ಯವಾಗಿ. ಯಾವ ತಿಂಗಳಲ್ಲಾದರೂ ಸರಿ. ಆರು ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲ, ತಾಯಿಯಿಂದ ಬಂದ ಪ್ರತಿಕಾಯಗಳೇ ಅದಕ್ಕೆ ಆಸರೆ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಬೇಡ.